ತಂಗಿಯ ಮನೆಯ ಫ್ಯಾನು

ದೀಪಾವಳಿ ಪಾಡ್ಯದ ಮರುದಿನ ಬೆಳಿಗ್ಗೆ ನಮ್ಮ ಮನೆಯ ಫ್ಯಾನುಗಳು ನಿಲ್ಲುತ್ತವೆ. ಮೂರು ಕೋಣೆ, ಮೂರು ಫ್ಯಾನು. ಸ್ಟೂಲಿನ ಮೇಲೆ ನಿಂತು ಪ್ರತಿ ರೆಕ್ಕೆಗೂ ಹಳೆಯ ತಲೆದಿಂಬಿನ ಚೀಲ ತೊಡಿಸಿ, ಧೂಳೆಲ್ಲ ಅದರೊಳಗೇ ಬೀಳುವಂತೆ ಮೆಲ್ಲಗೆ ಹಿಂದಕ್ಕೆ ಎಳೆಯುತ್ತೇನೆ. ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಕೆಳಗಿನ ಹಾಸಿಗೆಯ ಮೇಲೆ ಕಸ ಬೀಳಬಾರದು. ಶಿವರಾತ್ರಿಯ ಮರುದಿನ ಅವು ಮತ್ತೆ ತಿರುಗುತ್ತವೆ. ಹೋಳಿಯವರೆಗೆ ಒಂದನೇ ನಂಬರು, ಯುಗಾದಿಯವರೆಗೆ ಎರಡು, ಅಲ್ಲಿಂದ ಮುಂದೆ ಮೂರು. ನಾಲ್ಕು ಮಧ್ಯಾಹ್ನಕ್ಕೆ ಮಾತ್ರ. ಐದು ಬಂದ ಮಂದಿಗೆ. ಕೋಣೆಯಿಂದ ಹೊರಗೆ ಬರುವವರು ಗುಂಡಿ ಆರಿಸಿ ಬರಬೇಕು. ಫ್ಯಾನು ಮೈಯ ಬೆವರನ್ನು ಆರಿಸುತ್ತದೆ, ಖಾಲಿ ಕೋಣೆಯನ್ನು ತಂಪು ಮಾಡುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಕಿಟಕಿ ತೆರೆಯಬೇಕು, ಹತ್ತಕ್ಕೆ ಮುಚ್ಚಬೇಕು, ಸಂಜೆ ಬಿಸಿಲು ಇಳಿದ ಮೇಲೆ ಮತ್ತೆ ತೆರೆಯಬೇಕು. ಜಮಖಂಡಿಯಲ್ಲಿ ಈ ಸ್ಲ್ಯಾಬಿನ ಮನೆ ಕಟ್ಟಿಸಿದಂದಿನಿಂದ ಈ ಕ್ರಮ ತಪ್ಪಿಲ್ಲ.

ಕ್ರಮ ನನಗೆ ಹತ್ತನೇ ವಯಸ್ಸಿನಲ್ಲಿ ಬಂತು. ನಾಲ್ಕನೇ ಇಯತ್ತೆ ಮುಗಿದ ಕೂಡಲೇ ನನ್ನನ್ನು ಮುಧೋಳದ ಒಂದು ಹೆಣ್ಣುಮಕ್ಕಳ ವಸತಿ ಶಾಲೆಗೆ ಹಾಕಿದರು. ಏಳಲು ಗಂಟೆ, ಸ್ನಾನಕ್ಕೆ ಗಂಟೆ, ಊಟಕ್ಕೆ ಗಂಟೆ, ಅಳು ಬಂದರೆ ಅದಕ್ಕೆ ಹೊತ್ತಿಲ್ಲ. ಅಲ್ಲಿಂದ ಮುಂದೆ ಶಿಕ್ಷಕಿಯಾದೆ, ಬೀಳಗಿ ತಾಲ್ಲೂಕಿನ ಶಾಲೆಗಳಲ್ಲಿ ಮುಖ್ಯಾಧ್ಯಾಪಕಿಯಾದೆ, ನಾನೇ ಗಂಟೆ ಹೊಡೆಸಿದೆ. ನನಗಿಂತ ನಾಲ್ಕು ವರ್ಷ ಸಣ್ಣವಳಾದ ತಂಗಿ ಮಾತ್ರ ಬನಹಟ್ಟಿಯ ನಮ್ಮ ಮನೆಯಲ್ಲೇ ಉಳಿದಳು. ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು, ಅವ್ವ ಪಕ್ಕದಲ್ಲಿ ಕುಳಿತು ರಾಟಿಯ ಮೇಲೆ ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ಸಣ್ಣ ನೂಲಿನ ಸುರುಳಿ. ತಂಗಿ ಅವ್ವನ ತೊಡೆಗೆ ಆತುಕೊಂಡು ಎಳೆ ಹಿಡಿದುಕೊಡುತ್ತಿದ್ದಳು. ರಜೆಗೆ ಬಂದಾಗ ನಾನೂ ಆ ತೊಡೆಯ ಹತ್ತಿರ ಕೂತುಕೊಳ್ಳಲು ಹೋದರೆ ಅವ್ವ, "ನೀ ಓದಕೋತ ಕುಂದರ ಹೋಗ, ಕೈ ಎಣ್ಣಿ ಆಕ್ಕಾವು" ಎನ್ನುತ್ತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು. ಆದರೂ ನನಗೆ ತಂಗಿಯ ರಾಟಿಯ ಎಣ್ಣೆ ಹತ್ತಿದ ಕೈ ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು. ಅರವತ್ತು ದಾಟಿದ ಮೇಲೂ ಆಗುತ್ತದೆ. ಇದನ್ನು ಮುಚ್ಚಿಟ್ಟು ಬರೆದರೆ ಮುಂದಿನದೆಲ್ಲ ಸುಳ್ಳಾಗುತ್ತದೆ.

ನಮಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ತೀರಿದ ಮೇಲೆ ಅವ್ವನನ್ನು ಪಾಳಿಯ ಮೇಲೆ ನೋಡಿಕೊಳ್ಳುವುದೆಂದು ನಾವಿಬ್ಬರೂ ಮಾತಾಡಿಕೊಂಡೆವು. ಮೂರು ತಿಂಗಳು ನನ್ನಲ್ಲಿ, ಮೂರು ತಿಂಗಳು ತಂಗಿಯಲ್ಲಿ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಆ ಲೆಕ್ಕ ಹಾಕಿದವಳು ನಾನೇ. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನ ದಿನಗಳು ನನ್ನವು, ನೀಲಿ ತಂಗಿಯವು. ಕೆಂಪು ದಿನಗಳು ಬೇಗ ಮುಗಿಯುತ್ತಿದ್ದವು.

ಎರಡು ವರ್ಷದ ಹಿಂದೆ ದೀಪಾವಳಿ ಅಮಾವಾಸ್ಯೆಗೆ ಅವ್ವ ನನ್ನಲ್ಲಿಗೆ ಬಂದಳು. ಆಗ ಅವಳಿಗೆ ಎಂಬತ್ತು ದಾಟಿತ್ತು. ಅವಳ ಕೋಣೆಗೆಂದೇ ಆ ವರ್ಷ ರಿಮೋಟಿನ ಹೊಸ ಫ್ಯಾನು ಕೂಡಿಸಿದ್ದೆ. ಸಪ್ಪಳವಿಲ್ಲದ್ದು, ಹಾಲಿನ ಬಣ್ಣದ್ದು. ನನ್ನ ಕ್ರಮದಂತೆ ಅದನ್ನೂ ಪಾಡ್ಯದ ಮರುದಿನ ಒರೆಸಿ ನಿಲ್ಲಿಸಿದೆ. ಒಂದು ತಿಂಗಳು ಸರಿಯಾಗಿ ನಡೆಯಿತು. ಮಾರ್ಗಶಿರದಲ್ಲಿ ಥಂಡಿ ಬಿತ್ತು. ಒಂದು ಸಂಜೆ ಚಹಾ ಕೊಡಲು ಹೋದರೆ ಅವ್ವ ಕೌದಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು.

"ನನ್ನ ಬನಹಟ್ಟಿಗಿ ಬಿಟ್ಟ ಬಾರಬೇ."

"ಯಾಕ? ಇನ್ನಾ ಎರಡ ತಿಂಗಳ ಐತಲ್ಲ ನನ್ನ ಪಾಳಿ."

"ಪಾಳಿ ಐತಿ ಖರೆ. ಥಂಡಿ ಕೇಳಬೇಕಲ್ಲ. ಈ ಕ್ವಾಣಿ ನೆಲಾ ಕಚ್ಚತೈತಿ ನೋಡು. ಮ್ಯಾಲ ನಿಂತರ ಬೆಚ್ಚಗ, ಕೆಳಗ ಕುಂತರ ಬರ್ಫ. ಅಲ್ಲೆ ಹಂಗಿಲ್ಲ. ಅಲ್ಲಿ ಗಾಳಿನ ಬ್ಯಾರೆ."

ನಾನು ಸ್ವೆಟರ್ ತಂದೆ. ಕಾಲುಚೀಲ ತಂದೆ. ಬಿಸಿನೀರಿನ ರಬ್ಬರು ಚೀಲ ತಂದೆ. ನೆಲಕ್ಕೆ ಎರಡು ಜಮಖಾನ ಹಾಸಿದೆ. ಅವ್ವ ಎಲ್ಲವನ್ನೂ ತೊಟ್ಟುಕೊಂಡು, ಎಲ್ಲದಕ್ಕೂ "ಛಲೋ ಐತಿ" ಎಂದು, ನಾಲ್ಕನೇ ದಿನ ಮತ್ತೆ ಬನಹಟ್ಟಿ ಎಂದಳು. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂಡಿಸಿ ನಾನೇ ಬಿಟ್ಟು ಬಂದೆ. ಬಾಗಿಲಲ್ಲಿ ತಂಗಿ ನಕ್ಕಳು. ಯಾವಾಗಲೂ ನಗುವಂತೆಯೇ ನಕ್ಕಳು. ನನಗೆ ಮಾತ್ರ ಅದು ಗೆದ್ದವರ ನಗೆಯಾಗಿ ಕಂಡಿತು. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಕೆಂಪು ದಿನಗಳ ಮೇಲೆ ನೀಲಿ ಪೆನ್ನು ಆಡಿಸಿದೆ. ಕಾಗದ ಹರಿಯಿತು.

ಆ ಎರಡು ತಿಂಗಳು ಓಣಿಯವರ ಬಾಯಿಗೆ ನಾನು ಸಿಕ್ಕೆ. ಎದುರು ಮನೆಯ ಹಿರಿಯ ಹೆಂಗಸು ದಿನಾ ಬೆಳಿಗ್ಗೆ ರಂಗೋಲಿ ಹಾಕುತ್ತ, "ಅವ್ವಾರು ಇನ್ನಾ ಸಣ್ಣ ಮಗಳ ಮನಿಯಾಗನ ಅದಾರೇನ್ರೀ ಟೀಚರ?" ಎಂದು ಕೇಳುತ್ತಿದ್ದಳು. ನಾನು, "ಹೌದ್ರಿ, ಆಕಿಗಿ ಮಗ್ಗದ ಸಪ್ಪಳ ಕೇಳಲಿಲ್ಲಂದ್ರ ನಿದ್ದಿ ಬರೂದಿಲ್ಲ" ಎನ್ನುತ್ತಿದ್ದೆ. ಅವ್ವನಿಗೆ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ ಎಂಬುದು ಆ ಹೆಂಗಸಿಗೂ ಗೊತ್ತಿತ್ತು.

ಸಂಕ್ರಾಂತಿಗೆ ಸಜ್ಜಿ ರೊಟ್ಟಿ, ಎಳ್ಳಿನ ಹೋಳಿಗೆ ಕಟ್ಟಿಕೊಂಡು ಬನಹಟ್ಟಿಗೆ ಹೋದೆ. ಹಬ್ಬ ಒಂದು ನೆಪ. ಆ ಬೇರೆ ಗಾಳಿ ಎಂಥದು ನೋಡಬೇಕಿತ್ತು.

ತಂಗಿಯ ಮನೆಯನ್ನು ನಾನು ಎಂದೂ ಹೊಗಳಿದವಳಲ್ಲ. ಮುಂದಿನ ಅಂಕಣದಲ್ಲಿ ಅವಳ ಗಂಡನ ಎರಡು ಪವರ್‌ಲೂಮ್‌ಗಳು ಖಟಖಟ ಎನ್ನುತ್ತಿರುತ್ತವೆ. ನಡುಮನೆಯಲ್ಲಿ ನೂಲಿನ ಕೋನುಗಳು, ಖಾಲಿ ಕಂಡಿಕೆಯ ಬುಟ್ಟಿಗಳು, ಎಲ್ಲೆಂದರಲ್ಲಿ ಹತ್ತಿಯ ನವಿರು. ಚಹಾದ ಕಪ್ಪು ಹುಡುಕಬೇಕೆಂದರೆ ಒಂದು ಲಡಿ ನೂಲು ಎತ್ತಬೇಕು. ಅಂಥ ನಡುಮನೆಯ ಮಧ್ಯದಲ್ಲಿ ಅವ್ವ ಕಾಲು ಚಾಚಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಸ್ವೆಟರ್ ಇಲ್ಲ. ಕಾಲುಚೀಲ ಇಲ್ಲ. ತಲೆಯ ಮೇಲೆ ಸೆರಗು ಕೂಡ ಇಲ್ಲ. ಅವಳ ನೆತ್ತಿಯ ಮೇಲೆ ಹಳೆಯ ಕಂದು ಫ್ಯಾನು ಮೆಲ್ಲಗೆ ತಿರುಗುತ್ತಿತ್ತು.

ಜನವರಿಯಲ್ಲಿ ಫ್ಯಾನು! ನನ್ನ ಬಾಯಿ ತಾನಾಗಿ ತೆರೆಯಿತು.

"ಮುದಕಿಗಿ ಥಂಡಿ ಹತ್ತಂಗಿಲ್ಲೇನ? ಫ್ಯಾನ್ ಯಾಕ ಹಾಕೀದಿ?"

"ಹತ್ತಿದ್ರ ಆಕೀನ ಹೇಳ್ತಾಳ, ನೀ ಕುಂದರಕ್ಕಾ ಮದಲ" ಎಂದು ತಂಗಿ ರೊಟ್ಟಿಯ ಗಂಟು ಬಿಚ್ಚಲು ಒಳಗೆ ಹೋದಳು.

ನಾನು ಅವ್ವನ ಪಕ್ಕ ಕೂತೆ. ನೆಲ ಕಚ್ಚಲಿಲ್ಲ. ಕೋಣೆಯೆಲ್ಲ ಒಂದೇ ಹದದ ಬೆಚ್ಚಗೆ. ಮೇಲೆ ಫ್ಯಾನು ತಿರುಗುತ್ತಿದ್ದರೂ ಮುಖಕ್ಕೆ ಗಾಳಿ ಹೊಡೆಯುತ್ತಿಲ್ಲ. ಅವ್ವನ ಕೈಯಿಂದ ಜಾರಿದ ಒಂದು ನವಿರು ಕೆಳಗೆ ಬೀಳಲಿಲ್ಲ. ತೇಲುತ್ತ ಮೇಲೆ ಮೇಲೆ ಹೋಗಿ ಫ್ಯಾನಿನ ಬಟ್ಟಲಿಗೆ ಅಂಟಿತು. ಇನ್ನೊಂದು ಹೊರಟಿತು. ಅದೂ ಮೇಲಕ್ಕೆ. ಆಗ ರೆಕ್ಕೆಗಳನ್ನು ಕಣ್ಣು ಕಿರಿದು ಮಾಡಿ ನೋಡಿದೆ. ನಮ್ಮ ಮನೆಯ ಫ್ಯಾನುಗಳು ಕೆಳಗಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ತಿರುಗುತ್ತವೆ. ಇದು ಮುಳ್ಳಿನ ಜೊತೆಗೇ ತಿರುಗುತ್ತಿತ್ತು. ಕೆಳಗಿನ ತಣ್ಣಗಿನ ಗಾಳಿಯನ್ನು ಮೇಲಕ್ಕೆ ಎಳೆದು, ಚಾವಣಿಗೆ ಏರಿ ಕೂತ ಬಿಸಿ ಗಾಳಿಯನ್ನು ಗೋಡೆಗುಂಟ ಕೆಳಗೆ ಇಳಿಸುತ್ತಿತ್ತು.

ತಂಗಿಯ ಗಂಡ ಮಗ್ಗ ನಿಲ್ಲಿಸಿ ಬಂದು, "ಯಾವಾಗ ಬಂದ್ರಿ ಅಕ್ಕಾರ?" ಎಂದು ಕೈ ಮುಗಿದರು. ಮಗ್ಗದ ಮೋಟಾರು ಹಿಂದೆ ತಿರುಗಿಸಬೇಕೆಂದರೆ ವಾಯರು ಅದಲುಬದಲು ಮಾಡುವ ಕೈ ಅವರದು. ಫ್ಯಾನಿಗೂ ಹಾಗೆಯೇ ಮಾಡಿದ್ದಾರೆಂದು ನನಗೆ ಹೊಳೆಯಿತು. ಕೆಳಗೆ ಬೀಸುವ ಗಾಳಿಗೆ ನೂಲಿನ ಎಳೆಗಳು ಸಿಕ್ಕುಬೀಳುತ್ತವೆ, ಮೇಲೆ ಎಳೆಯುವ ಗಾಳಿಗೆ ಸಿಕ್ಕುಬೀಳುವುದಿಲ್ಲ. ನೂಲಿಗಾಗಿ ಮಾಡಿದ ಉಪಾಯ ಅವ್ವನ ಮೈಗೂ ಕೂಡಿಬಂದಿದೆ. ಒಂದು ಮಾತು ಕೇಳಿದ್ದರೆ ಅವರು ಕುರ್ಚಿ ಎಳೆದುಕೊಂಡು ಅರ್ಧ ತಾಸು ತಿಳಿಸಿ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಇಡೀ ತಾಲ್ಲೂಕಿನ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ತಂಗಿಯ ಮನೆಯ ಫ್ಯಾನಿನ ಬಗ್ಗೆ ಕೇಳಬೇಕೆ? ಹಬ್ಬದ ಸಿಹಿ ಮಾದಲಿಯ ಊಟ ಮಾಡಿದೆ. ಊಟದುದ್ದಕ್ಕೂ ಮೇಲೆ ನೋಡಿದೆ. ತಂಗಿ ತುಪ್ಪ ಬಡಿಸುತ್ತ ಒಮ್ಮೆ ನನ್ನ ಮುಖ ನೋಡಿ, ಒಮ್ಮೆ ಫ್ಯಾನು ನೋಡಿ ಇನ್ನೊಂದು ಚಮಚ ಹಾಕಿದಳು.

ಮನೆಗೆ ಬಂದವಳೇ ಫೈಲು ತೆರೆದೆ. ನಮ್ಮಲ್ಲಿ ಪ್ರತಿ ವಸ್ತುವಿಗೂ ಒಂದು ಫೈಲು ಇದೆ. ಹೊಸ ಫ್ಯಾನಿನ ಜೊತೆ ಬಂದ ಪುಸ್ತಿಕೆ ಅದರಲ್ಲಿ ಮಡಿಕೆ ಕೂಡ ಬಿಚ್ಚದೆ ಇತ್ತು. ರಿಮೋಟಿನ ಮೂಲೆಯಲ್ಲಿ ಎರಡು ಬಾಣಗಳು ಒಂದರ ಬಾಲ ಒಂದು ಹಿಡಿದು ಸುತ್ತುವ ಗುಂಡಿ ಒಂದಿತ್ತು. ಅದನ್ನು ನಾನು ಎಂದೂ ಮುಟ್ಟಿರಲಿಲ್ಲ. ಪುಸ್ತಿಕೆಯಲ್ಲಿ ಅದರ ಚಿತ್ರ, ಪಕ್ಕದಲ್ಲಿ ಸಣ್ಣ ಅಕ್ಷರ: ಚಳಿಗಾಲದಲ್ಲಿ ಹಿಮ್ಮುಖ ತಿರುಗಿಸಿ, ಕಡಿಮೆ ವೇಗದಲ್ಲಿಡಿ. ಅದರ ಕೆಳಗೆ ಇನ್ನೂ ಎರಡು ಸಾಲು ಇದ್ದವು. ಓದಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ನಿಂತಿದ್ದ ಫ್ಯಾನನ್ನು ಒಂದನೇ ನಂಬರಿಗೆ ಹಚ್ಚಿ ಆ ಗುಂಡಿ ಒತ್ತಿದೆ. ಫ್ಯಾನು ನಿಂತಿತು, ಒಂದು ಕ್ಷಣ ಯೋಚಿಸಿದಂತೆ ಇದ್ದು, ಆ ಕಡೆ ತಿರುಗತೊಡಗಿತು. ತಂಗಿಯ ಮನೆಯಿಂದ ಏನೋ ಕದ್ದು ತಂದಂತೆ ನನಗೆ ಅನಿಸಿತು. ಸಂತೋಷವೂ ಆಯಿತು.

ಸಂಕ್ರಾಂತಿಯ ಮುಂದೆ ಬರುವ ಅವರಾತ್ರಿ ಅಮಾವಾಸ್ಯೆಗೆ ಅವ್ವನನ್ನು ಕರೆತಂದೆ. ಬಾಕಿ ಉಳಿದ ದಿನ ಸೇರಿಸಿ ಬೇಸಿಗೆಯಿಡೀ ನನ್ನಲ್ಲೇ ಇರಬೇಕೆಂದು ತಂಗಿಗೆ ಮೊದಲೇ ಹೇಳಿದ್ದೆ. ಅವಳು, "ಇರಲೇಳ ಅಕ್ಕಾ, ಇಬ್ಬರಿಗೂ ಅವ್ವಾನ ಅಲ್ಲೇನ" ಎಂದಿದ್ದಳು. ಇಂಥ ಮಾತು ಅವಳಿಗೆ ಸಲೀಸಾಗಿ ಬರುತ್ತದೆ. ಅದಕ್ಕೂ ನನಗೆ ಹೊಟ್ಟೆಕಿಚ್ಚು.

ಎರಡನೇ ದಿನ ಸಂಜೆ ಅವ್ವ ನೆಲದ ಮೇಲೆ ಅಂಗೈ ಇಟ್ಟು ನೋಡಿದಳು.

"ಈ ಸಲ ನಿನ್ನ ಮನಿ ಬೆಚ್ಚಗೈತಲ್ಲಬೇ!"

"ಹೂಂ."

"ಏನ ಮಾಡೀದಿ?"

"ಏನಿಲ್ಲ. ಮನಿ ಅಂದಮ್ಯಾಲ ಮಾಡಬೇಕಾದ್ದ ಮಾಡೀನಿ."

ಆ ವಾರ ನಾನು ತಂಗಿಗೆ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಬೇರೆ ಏನೋ ವಿಷಯ ತೆಗೆದು ಕೊನೆಗೆ, "ಅವ್ವ ಆರಾಮ ಅದಾಳ. ಸ್ವೆಟರ್ ಸೈತ ಒಲ್ಲೆ ಅಂತಾಳ" ಎಂದೆ. ಎದುರು ಮನೆಯವಳನ್ನು ಕರೆದು ಅವ್ವನ ಕೋಣೆಯಲ್ಲೇ ಚಹಾ ಕೊಟ್ಟೆ. ಅಷ್ಟು ಹಿಗ್ಗು ನನಗೆ ಕೆಲಸಕ್ಕೆ ಸೇರಿದ ದಿನವೂ ಆಗಿರಲಿಲ್ಲ.

ಶಿವರಾತ್ರಿ ಹೋಯಿತು. ಉಳಿದ ಎರಡು ಫ್ಯಾನುಗಳನ್ನು ನನ್ನ ಪಟ್ಟಿಯಂತೆ ಹಚ್ಚಿದೆ. ಅವ್ವನ ಕೋಣೆಯದು ಹೇಗೂ ತಿರುಗುತ್ತಲೇ ಇತ್ತು. ಹೋಳಿ ಹುಣ್ಣಿಮೆಗೆ ಅದರ ನಂಬರು ಎರಡು ಮಾಡಿದೆ, ಯುಗಾದಿಗೆ ಮೂರು. ಬಾಣದ ಗುಂಡಿ ಮುಟ್ಟಲಿಲ್ಲ. ಅವ್ವ ಮೆಚ್ಚಿದ ಗಾಳಿ ಅದು, ಬನಹಟ್ಟಿಯ ಗಾಳಿ. ತಂಗಿಯ ಫ್ಯಾನು ವರ್ಷವಿಡೀ ಹಾಗೆಯೇ ತಿರುಗುತ್ತದೆಂದು ನಾನು ತಿಳಿದಿದ್ದೆ. ಅದಕ್ಕೊಂದು ಶಾಸ್ತ್ರವನ್ನೂ ಹುಟ್ಟಿಸಿಕೊಂಡೆ. ಬಿಸಿ ಗಾಳಿ ಮೇಲೆ ಏರುತ್ತದೆ ಎಂದು ಎಷ್ಟು ಮಕ್ಕಳಿಗೆ ಕಲಿಸಿಲ್ಲ? ಫ್ಯಾನು ಅದನ್ನು ಮೇಲಕ್ಕೆ ಎಳೆದರೆ ಕೆಳಗೆ ತಂಪಾಗಲೇಬೇಕು. ಮೇಲೆ ಏರಿದ್ದು ಸ್ಲ್ಯಾಬಿಗೆ ಬಡಿದು ಎಲ್ಲಿಗೆ ಹೋದೀತು ಎಂದು ಯೋಚಿಸಲಿಲ್ಲ. ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ಅಷ್ಟನ್ನು ಕೇಳಿದ್ದರೆ ನಾನೇ ಅವಳ ಬೆನ್ನು ತಟ್ಟುತ್ತಿದ್ದೆ.

ಯುಗಾದಿ ದಾಟಿದ ಮೇಲೆ ನಮ್ಮ ಕಡೆ ಬಿಸಿಲು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಮಧ್ಯಾಹ್ನ ಸ್ಲ್ಯಾಬು ಒಲೆಯ ಮೇಲಿನ ಹಂಚಾಗುತ್ತದೆ. ಅವ್ವನ ಮಂಚ ಗೋಡೆಗೆ ಹತ್ತಿಕೊಂಡಿತ್ತು. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳಲು ಸುರುಮಾಡಿದಳು. ನಾನು ನಾಲ್ಕು ಮಾಡಿದೆ. ಅವಳು ಕುಪ್ಪಸದ ಗುಂಡಿ ಬಿಚ್ಚಿ ಕೂತಳು. ನಾನು ಐದು ಮಾಡಿದೆ.

"ಗಾಳಿ ಜೋರ ಐತಿ, ನನಗ ಹತ್ತವಲ್ಲದು" ಎಂದಳು.

"ಐದ ನಂಬರ್ ಐತಿ ಅವ್ವಾ."

"ನಂಬರ್ ನನಗೇನ ಗೊತ್ತ? ಗ್ವಾಡಿ ಕಡಿಂದ ಹಂಚಿನ ಝಳಾ ಬಂದಂಗ ಬರತೈತಿ."

ನನ್ನವರು ಅನಗವಾಡಿಯ ಹೊಲದಲ್ಲೇ ವಾರದ ಐದು ದಿನ ಇರುತ್ತಾರೆ. ಅವರಿಗೆ ಹೇಳಿ ಒಂದು ಟ್ರ್ಯಾಕ್ಟರು ರವದಿ ತರಿಸಿದೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗಿದ ಎಲೆಯದು. ಮಾಳಿಗೆಯ ಮೇಲೆ ಮೊಳಕಾಲುದ್ದ ಹರವಿ ದಿನಾ ಸಂಜೆ ನೀರು ಹೊಡೆದೆ. ಕಿಟಕಿಗೆ ಗೋಣಿಚೀಲ ತೋಯಿಸಿ ಕಟ್ಟಿದೆ. ಉಳಿದ ಕೋಣೆಗಳು ತಂಪಾದವು. ಅವ್ವನ ಕೋಣೆ ಮಾತ್ರ ಹಬೆಯಾಡಿತು. ಅವಳನ್ನು ನಡುಮನೆಗೆ ಕರೆದು ಮಲಗಿಸಿದ್ದರೆ ಆ ದಿನವೇ ಗೊತ್ತಾಗುತ್ತಿತ್ತು. ಆದರೆ ಅವ್ವನ ಕೋಣೆ ಅವ್ವನ ಕೋಣೆ. ನಮ್ಮ ಮನೆಯಲ್ಲಿ ಯಾರ ಜಾಗ ಅವರದು. ಅವಳ ಬೆನ್ನ ಮೇಲೆ ಬೆವರುಸಾಲಿ ಎದ್ದವು. ಗಂಧ ತೇಯ್ದು ಹಚ್ಚಿದೆ. ಹಚ್ಚುವಾಗ ಆ ಬೆನ್ನು ಎಷ್ಟು ಸಣ್ಣದಾಗಿದೆ ಎಂದು ನನ್ನ ಕೈಗೆ ತಿಳಿಯಿತು. ಆಗಲಾದರೂ ತಂಗಿಗೆ ಫೋನು ಮಾಡಿ, ಬೇಸಿಗೆಯಲ್ಲಿ ನೀವು ಏನು ಮಾಡುತ್ತೀರಿ ಎಂದು ಕೇಳಬಹುದಿತ್ತು. ಫೋನು ಮಾಡಿದೆ. "ಅವ್ವ ಆರಾಮ ಅದಾಳ" ಎಂದೆ.

ಮರುದಿನ ಊಟಕ್ಕೆ ಕರೆಯಲು ಹೋದರೆ ಅವ್ವ ಮಂಚದ ಮೇಲೆ ಎರಡು ಸೀರೆ ಮಡಚಿ ಗಂಟು ಕಟ್ಟುತ್ತಿದ್ದಳು. ಗಂಟು ಕಟ್ಟುವಷ್ಟು ಶಕ್ತಿ ಬೆರಳಿಗೆ ಇರಲಿಲ್ಲ. ಕಟ್ಟಿದ್ದು ಬಿಚ್ಚುತ್ತಿತ್ತು, ಮತ್ತೆ ಕಟ್ಟುತ್ತಿದ್ದಳು.

"ಎಲ್ಲಿಗಬೇ?"

"ಬನಹಟ್ಟಿಗಿ. ಸಿಟ್ಟ ಮಾಡಬ್ಯಾಡ. ನಿನ್ನ ಮನಿಯಾಗ ಎಲ್ಲಾ ಐತಿ. ನನಗ ಉಸರಾಡಾಕ ಆಗವಲ್ಲದು ಅಷ್ಟ."

ನಾನು ಅಡುಗೆಮನೆಗೆ ಹೋಗಿ ಮಾಡಿದ ಅನ್ನದ ಮೇಲೆ ತಟ್ಟೆ ಮುಚ್ಚಿದೆ. ಬೇಸಿಗೆಯಿಡೀ ನನ್ನವಳೆಂದು ಬರೆದಿಟ್ಟ ಅವ್ವ ನನ್ನ ಕೈಯಿಂದ ಎರಡನೇ ಸಲ ಜಾರುತ್ತಿದ್ದಳು. ಈ ಸಲ ಹೋದರೆ ಪಾಳಿ ಎಂಬ ಮಾತೇ ಉಳಿಯುವುದಿಲ್ಲ, ಈ ವಯಸ್ಸಿನಲ್ಲಿ ಮತ್ತೆ ಬರುತ್ತಾಳೆಂದು ನಂಬುವಂತಿಲ್ಲ. ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಅವ್ವನೇ ತಂಗಿಗೆ ಫೋನು ಮಾಡಿಸಿದ್ದಳು, ಎದುರು ಮನೆಯವಳ ಕೈಯಿಂದ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ತಂಗಿ ಬಂದಳು. ಚಪ್ಪಲಿ ಬಿಟ್ಟು ನೇರ ಅವ್ವನ ಕೋಣೆಗೆ ಹೋಗಿ ಮಂಚದ ತುದಿಗೆ ಕೂತಳು. ಕೂತವಳು ಮುಖ ಒರೆಸಿಕೊಂಡು ಮೇಲೆ ನೋಡಿದಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ತನ್ನ ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು, ತುದಿ ಹಿಡಿದು ಗಾಳಿಗೆ ಬಿಟ್ಟಳು. ಎಳೆ ಹೆಡೆ ಎತ್ತಿದಂತೆ ಮೇಲಕ್ಕೆ ನಿಂತಿತು.

"ಅಕ್ಕಾ!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವ್ವನ ಹಪ್ಪಳಾ ಮಾಡಾಕತ್ತೀ ಏನ? ಫ್ಯಾನ್ ಉಲ್ಟಾ ತಿರಗಾಕತ್ತೈತಿ!"

"ನಿಮ್ಮ ಮನಿಯಾಗೂ ಹಂಗ ತಿರಗತೈತಲ್ಲ" ಎಂದೆ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಥಂಡ್ಯಾಗ ಮಾರಾಯ್ತಿ, ಥಂಡ್ಯಾಗ! ಶಿವರಾತ್ರಿ ಆತಂದ್ರ ನಮ್ಮವರು ಸ್ಟೂಲ್ ಹತ್ತಿ ವಾಯರ್ ತಿರಿಗಿ ಬದಲ ಮಾಡ್ತಾರ. ಬ್ಯಾಸಿಗ್ಯಾಗ ನೂಲಿನ ಕೆಲಸ ನಸಿಕಿನ್ಯಾಗ ಮುಗಸಿ ಎಲ್ಲಾ ಮೂಲಿಗಿ ಸರಸ್ತೀವಿ. ಆಮ್ಯಾಲ ಫ್ಯಾನ್ ಎಲ್ಲಾರ ಮನಿಯಂಗ ಕೆಳಗ ಬೀಸತೈತಿ. ಮೈಗಿ ಗಾಳಿ ಬಡೀಲಿಲ್ಲಂದ್ರ ಬೆವರ ಹ್ಯಾಂಗ ಆರತೈತಿ? ಮ್ಯಾಲ ಸ್ಲ್ಯಾಬಿನ ಝಳಾ ಎಲ್ಲಾ ಗ್ವಾಡಿಗುಂಟ ಇಳಿಸಿ ಅವ್ವನ ಮಂಚಕ್ಕ ಸುರವೀದಿ ನೋಡು."

ಅವ್ವ ಕಿವಿಗೆ ಕೈ ಹಿಡಿದು, "ಏನಂತಬೇ?" ಎಂದಳು.

"ಏನಿಲ್ಲಬೇ, ನಿನ್ನ ಹಿರೀ ಮಗಳು ಥಂಡಿ ಗಾಳಿ ಬ್ಯಾಸಿಗಿತನಾ ಇಟಗೊಂಡ ಕುಂತಾಳ!" ಎಂದು ತಂಗಿ ಅವಳ ಕಿವಿಯಲ್ಲಿ ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, ನಗೆ ಸ್ವಲ್ಪ ಇಳಿಸಿ ಹೇಳಿದಳು. "ಸಂಕ್ರಾಂತಿ ದಿನಾ ಉಣ್ಣೂದ ಬಿಟ್ಟ ಫ್ಯಾನ್ ನೋಡಿಕೋತ ಕುಂತಿದ್ದಿ. ನನಗ ಆವಾಗನ ಗೊತ್ತಾತು. ಈಗ ಕೇಳ್ತಾಳ, ಆಗ ಕೇಳ್ತಾಳ ಅಂತ ಕಾದೆ. ನೀ ಕೇಳಲಿಲ್ಲ."

"ನೀನರ ಹೇಳಬೇಕಾಗಿತ್ತು."

"ಹೇಳಿದ್ರ ಕೇಳತಿದ್ದಿ? ಸಣ್ಣಾಕಿ ಕಲಸಾಕ ಬಂದಾಳ ಅಂತ ಮಾರಿ ತಿರವತಿದ್ದಿ."

ಅದು ನಿಜ. ರಿಮೋಟು ಅವಳ ಕೈಗೆ ಕೊಟ್ಟೆ. ಅವಳಿಗೆ ಬಾಣದ ಗುಂಡಿ ಹುಡುಕಲು ಬರಲಿಲ್ಲ. ಫ್ಯಾನಿನ ದೀಪ ಹಚ್ಚಿದಳು, ಆರಿಸಿದಳು, ಒಂದು ನಂಬರು ಎಂಟು ಸಲ ಒತ್ತಿದಳು. ಆಗ ನನಗೆ ಒಂದು ಕ್ಷಣ ಸಮಾಧಾನವಾಯಿತು. ಸುಳ್ಳು ಹೇಳಲಾರೆ. ಕೊನೆಗೆ ನಾನೇ ಅವಳ ಹೆಬ್ಬೆರಳು ಹಿಡಿದು ಗುಂಡಿಯ ಮೇಲಿಟ್ಟೆ. ಫ್ಯಾನು ನಿಂತಿತು. ಮೂವರೂ ಮೇಲೆ ನೋಡಿದೆವು. ಅದು ಈ ಕಡೆ ತಿರುಗತೊಡಗಿದ ಕೂಡಲೇ ಮಂಚದ ಮೇಲಿನ ಸೀರೆಯ ಗಂಟಿನ ತುದಿ ಅಲುಗಿತು. ತಂಗಿ ಮಂಚವನ್ನು ಗೋಡೆಯಿಂದ ಎಳೆದು ಫ್ಯಾನಿನ ಕೆಳಗೆ ತಂದಳು, ಅವ್ವನನ್ನು ಮಲಗಿಸಿ ಕುಪ್ಪಸ ಸಡಿಲ ಮಾಡಿ, ಒದ್ದೆ ಬಟ್ಟೆಯಿಂದ ಕುತ್ತಿಗೆ ಒರೆಸಿದಳು. ಒದ್ದೆ ಕುತ್ತಿಗೆಗೆ ಗಾಳಿ ತಾಗಿದಾಗ ಅವ್ವ ಕಣ್ಣು ಮುಚ್ಚಿ, "ಹಾಂ" ಎಂದಳು. ಅಷ್ಟು ದೊಡ್ಡ ಹಾಂ ನಾನು ತಂದ ಯಾವ ಸ್ವೆಟರಿಗೂ ಸಿಕ್ಕಿರಲಿಲ್ಲ.

ಅವಳು ನಿದ್ದೆಹೋದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಮಜ್ಜಿಗೆ ಕುಡಿದೆವು. ಗಂಟು ಇನ್ನೂ ಮಂಚದ ಮೇಲೇ ಇತ್ತು. ನಾನು ಅದನ್ನೇ ಕೇಳಬೇಕಿತ್ತು. ಬಹಳ ವರ್ಷಗಳಾದ ಮೇಲೆ ತಂಗಿಯ ಮುಂದೆ ನನ್ನ ದನಿ ಇಳಿಯಿತು.

"ಕರಕೊಂಡ ಹೊಕ್ಕೀ ಏನ?"

ಅವಳು ಲೋಟ ತೊಳೆದು ಬೋರಲು ಹಾಕಿದಳು. "ಗಂಟ ಕಟ್ಟಿದಾಕಿ ಅವ್ವ. ಎದ್ದ ಮ್ಯಾಲ ಆಕೀನ ಕೇಳು. ನಾ ಕೇಳಿದ್ರ ನಡಿ ಅಂತಾಳ. ನೀನ ಕೇಳು."

"ಏನಂತ ಕೇಳಲಿ?"

"ಇಲ್ಲೇ ಇರ್ತೀ ಏನಬೇ ಅಂತ. ಅಷ್ಟ. ಪಾಳಿ ಗೀಳಿ ಅನಬ್ಯಾಡ ಮತ್ತ."

ಐದು ಗಂಟೆಗೆ ಅವ್ವ ಎದ್ದಳು. ಕಿಟಕಿ ತೆರೆಯಲು ಇನ್ನೂ ಒಂದು ತಾಸಿತ್ತು, ಆದರೂ ತೆರೆದೆ. ಮಂಚದ ಪಕ್ಕ ನೆಲದ ಮೇಲೆ ಕೂತು ಕೇಳಿದೆ. ಅವ್ವನಿಗೆ ಕೇಳಿಸದ್ದರಿಂದ ಎರಡನೇ ಸಲ ಗಟ್ಟಿಯಾಗಿ ಕೇಳಬೇಕಾಯಿತು. ತಂಗಿಗೂ ಕೇಳಿಸಿತು, ಬಾಗಿಲಿಗೆ ಬಂದಿದ್ದ ಎದುರು ಮನೆಯವಳಿಗೂ ಕೇಳಿಸಿತು. "ಇಲ್ಲೇ ಇರ್ತೀ ಏನಬೇ?"

ಅವ್ವ ಮೇಲೆ ಫ್ಯಾನು ನೋಡಿದಳು. ತಂಗಿಯ ಮುಖ ನೋಡಿದಳು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟಳು. "ಇರ್ತೀನೇಳು. ಇಷ್ಟ ಗಾಳಿ ಬಂದ್ರ ಯಾಕ ಹೋಗಲಿ? ಆ ಗಂಟ ಬಿಚ್ಚಿ ಇಡು" ಎಂದಳು.

ಬಿಚ್ಚಿ ಸೀರೆಗಳನ್ನು ಕಪಾಟಿನಲ್ಲಿಟ್ಟೆ. ತಂಗಿ ಕೊನೆಯ ಬಸ್ಸಿಗೆ ಮುಂಚೆ ಹೊರಟಳು. ಹೊರಡುವಾಗ ಫ್ಯಾನು ನೋಡಿ, "ದೀಪಾವಳಿಗಿ ಫೋನ್ ಹಚ್ಚು, ಉಲ್ಟಾ ಮಾಡೂದ ನೆನಪ ಮಾಡ್ತೀನಿ" ಎಂದಳು. ನನಗೆ ನೆನಪು ಮಾಡಲು ಯಾರೂ ಬೇಡ. ಅವಳು ಹೋದ ಮೇಲೆ ಪುಸ್ತಿಕೆಯ ಉಳಿದ ಎರಡು ಸಾಲು ಓದಿದೆ. ಬೇಸಿಗೆಯಲ್ಲಿ ಮರಳಿ ಮೊದಲಿನ ದಿಕ್ಕಿಗೆ ತಿರುಗಿಸಿ ಎಂದಿತ್ತು. ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು, ಕ್ಯಾಲೆಂಡರಿನ ಶಿವರಾತ್ರಿಗೂ ದೀಪಾವಳಿಗೂ ಸಣ್ಣ ಬಾಣ ಬರೆದೆ.

ಅವ್ವ ಆ ಬೇಸಿಗೆಯಿಡೀ ನನ್ನಲ್ಲಿದ್ದಳು. ಬೆವರುಸಾಲಿ ಒಣಗಿದವು. ನಿದ್ದೆ ಬಂತು, ಹಸಿವು ಬಂತು. ನಾನು ಗೆದ್ದೆ ಎನ್ನಬೇಕು. ಆದರೆ ಓಣಿಯವರು ಯಾರೇ ಬಂದು ಮಂಚದ ಪಕ್ಕ ಕೂತು, "ಅವ್ವಾರ, ಏನ್ ತಂಪೈತ್ರೀ ನಿಮ್ಮ ಕ್ವಾಣಿ" ಎಂದರೆ ಅವ್ವ ತಪ್ಪದೆ ಹೇಳುತ್ತಿದ್ದಳು:

"ಹೂಂನ್ರೀ. ನನ್ನ ಸಣ್ಣ ಮಗಳು ಬನಹಟ್ಟಿಯಿಂದ ಬಂದು ಸರಿ ಮಾಡಿಕೊಟ್ಟ ಹೋಗ್ಯಾಳ. ಆಕಿಗಿ ಭಾಳ ತಿಳೀತೈತಿ."

"ಹೌದೇನ್ರೀ ಟೀಚರ?" ಎಂದು ಅವರು ನನ್ನ ಕಡೆ ತಿರುಗುತ್ತಿದ್ದರು.

"ಹೌದ್ರಿ" ಎಂದು, ಬಂದ ಮಂದಿಗೆಂದು ಫ್ಯಾನನ್ನು ಐದಕ್ಕೆ ಇಡುತ್ತಿದ್ದೆ. ಅವರು ಎದ್ದು ಹೋದ ಮೇಲೆ ಅವ್ವ, "ನಿನ್ನ ತಂಗಿಗಿ ಫೋನ್ ಹಚ್ಚಿ ಕೊಡು, ಗಾಳಿ ಛಲೋ ಬರಾಕತ್ತೈತಿ ಅಂತ ಹೇಳ್ತೀನಿ" ಎನ್ನುತ್ತಿದ್ದಳು. ಹಚ್ಚಿಕೊಡುತ್ತಿದ್ದೆ. ಕೊಟ್ಟು ಹೊರಗೆ ಕಟ್ಟೆಯ ಮೇಲೆ ಬಂದು ಕೂತರೂ ಒಳಗಿನಿಂದ ಅವಳ ನಗೆ ಕೇಳುತ್ತಿತ್ತು. ಆ ನಗೆ ನನ್ನ ಕೋಣೆಯಲ್ಲಿ, ನನ್ನ ಮಂಚದ ಮೇಲೆ, ನನ್ನ ಫ್ಯಾನಿನ ಕೆಳಗೆ ನಕ್ಕದ್ದು ಎಂದು ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುತ್ತಿದ್ದೆ.